ಊಟದ ನಂತರ ಶುಗರ್ ಎಷ್ಟಾಗುತ್ತದೆ ಅಂತ ಮೊದಲೇ ಹೇಳುವ ಆ್ಯಪ್: ಅಮ್ಮನಿಗೆ ಆರು ತಿಂಗಳು ಬಳಸಿದ ಅನುಭವ

ತುಂಗೆ ದಡ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಾದಾಗ ಓದಿ.

ನಮ್ಮ ಅಮ್ಮನಿಗೆ 66 ವರ್ಷ. ಶುಗರ್ ಬಂದು ಹನ್ನೊಂದು ವರ್ಷ ಆಯ್ತು. ಎರಡು ಹೊತ್ತು ಮೆಟ್‌ಫಾರ್ಮಿನ್, ಬೆಳಿಗ್ಗೆ ತಿಂಡಿಗೆ ಮುಂಚೆ ಗ್ಲಿಮಿಪಿರೈಡ್, ಎರಡೂ ಶುಗರ್ ಮಾತ್ರೆ. ಮೇ ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8.9 ಬಂತು. ಡಾಕ್ಟರು ಊಟ ನೋಡಿಕೊಳ್ಳಿ ಅಂದರು. ಈ ಮಾತನ್ನು ಹನ್ನೊಂದು ವರ್ಷದಿಂದ ಕೇಳುತ್ತಿದ್ದೇವೆ. ನೋಡಿಕೊಳ್ಳುವುದು ಅಂದರೆ ಏನು? ನಮ್ಮ ಕಡೆ ಬೆಳಿಗ್ಗೆ ಕಡುಬು, ಇಲ್ಲ ಅಕ್ಕಿ ರೊಟ್ಟಿ, ಇಲ್ಲ ನೀರುದೋಸೆ. ಮಧ್ಯಾಹ್ನ ಅನ್ನ. ರಾತ್ರಿ ಅನ್ನ ಅಥವಾ ಗಂಜಿ. ಅಕ್ಕಿ ಬಿಟ್ಟು ಎಂತ ತಿನ್ನದು ಹೇಳು ಅಂತ ಅಮ್ಮ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಜೂನ್‌ನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಹೆಸರು ಹೇಳುವುದಿಲ್ಲ, ಯಾರೂ ಇದನ್ನು ಜಾಹೀರಾತು ಅಂದುಕೊಳ್ಳುವುದು ಬೇಡ. ತಿನ್ನುವ ಮೊದಲು ತಟ್ಟೆಯ ಫೋಟೊ ತೆಗೆದು, ಆಗಿನ ಶುಗರ್ ಎಷ್ಟು ಅಂತ ಹಾಕಬೇಕು. ಎರಡು ಗಂಟೆ ಬಿಟ್ಟು ಎಷ್ಟಾಗಬಹುದು ಅಂತ ಅದು ಒಂದು ಅಂಕಿ ಕೊಡುತ್ತದೆ. ಆಮೇಲೆ ಬೆರಳು ಚುಚ್ಚಿ ನೋಡಿ ನಿಜವಾಗಿ ಬಂದ ಅಂಕಿಯನ್ನೂ ಹಾಕಬೇಕು. ಹೀಗೆ ಹಾಕುತ್ತಾ ಹೋದ ಹಾಗೆ ಅದು ಆ ಒಬ್ಬರ ದೇಹವನ್ನು ಕಲಿಯುತ್ತದಂತೆ.

ಮೊದಲ ವಾರ ಬರೀ ತಪ್ಪು. ಕಡುಬಿನ ಫೋಟೊ ನೋಡಿ ಇಡ್ಲಿ ಅಂದಿತು. ಇಡ್ಲಿಯಲ್ಲಿ ಉದ್ದು ಇರುತ್ತದೆ, ಹಿಟ್ಟು ಉಬ್ಬಿ ಹಗುರ ಆಗಿರುತ್ತದೆ. ನಮ್ಮ ಕಡುಬು ಪೂರಾ ಅಕ್ಕಿ ತರಿ, ಕೈಯಲ್ಲಿ ಒತ್ತಿ ಕಟ್ಟಿದ ಉಂಡೆ. ಎರಡಕ್ಕೂ ಅಜಗಜಾಂತರ. 170 ಆಗುತ್ತದೆ ಅಂತ ಹೇಳಿದ ದಿನ 243 ಬಂತು.

ಆಗ ಫೋಟೊ ಬಿಟ್ಟೆ, ತಕ್ಕಡಿ ಹಿಡಿದೆ. ಅರ್ಧ ಕೆಜಿ ತರಿ ತೂಗಿ ಕಡುಬು ಮಾಡಿದೆ. ಇಪ್ಪತ್ತು ಉಂಡೆ ಆಯ್ತು. ಅಂದರೆ ಒಂದರಲ್ಲಿ 25 ಗ್ರಾಂ ಅಕ್ಕಿ. ಹಸಿ ಅಕ್ಕಿಯ ತೂಕದಲ್ಲಿ ಸುಮಾರು ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ ಕಾರ್ಬೋಹೈಡ್ರೇಟ್, ಅಂದರೆ ಶುಗರ್ ಏರಿಸುವ ಪಿಷ್ಟ. ಹಾಗಾಗಿ ಒಂದು ಕಡುಬಿಗೆ ಹತ್ತಿರ ಹತ್ತಿರ 20 ಗ್ರಾಂ. ಅಮ್ಮ ನಾಲ್ಕು ತಿನ್ನುತ್ತಿದ್ದರು. ತಿಂಡಿಗೇ 80 ಗ್ರಾಂ! ಈ ಅಳತೆಯನ್ನು ನಾನೇ ಆ್ಯಪ್‌ಗೆ ಸೇರಿಸಿದ ಮೇಲೆ ಅದರ ಅಂದಾಜು ಸರಿದಾರಿಗೆ ಬಂತು.

ಆದರೂ ಬೆಳಿಗ್ಗೆಯ ಲೆಕ್ಕ ಮಾತ್ರ ದಿನವೂ ತಪ್ಪುತ್ತಿತ್ತು. ಮಧ್ಯಾಹ್ನ ಸರಿ, ರಾತ್ರಿ ಸರಿ. ಬೆಳಿಗ್ಗೆ ಮಾತ್ರ ಹೇಳಿದ್ದಕ್ಕಿಂತ ನಲವತ್ತು ಐವತ್ತು ಜಾಸ್ತಿ. ಹತ್ತು ದಿನ ತಲೆ ಕೆಡಿಸಿಕೊಂಡೆ. ಹನ್ನೊಂದನೇ ದಿನ ಬೇಗ ಎದ್ದು ಅಡುಗೆ ಮನೆಗೆ ಹೋದರೆ ಅಮ್ಮ ಒಲೆ ಮುಂದೆ ಕೂತು ಲೋಟದ ತುಂಬಾ ಬೆಲ್ಲದ ಕಾಫಿ ಕುಡಿಯುತ್ತಿದ್ದರು. ಆರೂವರೆಗೆ ಒಂದು, ಹಾಲು ಕರೆದು ಬಂದ ಮೇಲೆ ಏಳೂವರೆಗೆ ಇನ್ನೊಂದು. ಬಚ್ಚಿಟ್ಟಿದ್ದೇನೂ ಅಲ್ಲ ಪಾಪ. ಕಾಫಿ ಅಂದರೆ ಊಟ ಅಲ್ಲವಲ್ಲ, ಅದನ್ನು ಯಾಕೆ ಬರೆಸಬೇಕು ಅಂದರು. ನಾನು ಶುಗರ್ ನೋಡುತ್ತಿದ್ದದ್ದು ಆರು ಗಂಟೆಗೆ, ತಿಂಡಿ ಎಂಟಕ್ಕೆ.

ನನಗೆ ಹೇಳಬೇಕಾಗಿರುವುದು ಇಷ್ಟೇ. ಆ್ಯಪ್ ಸರಿ ಹೇಳಿದ ದಿನ ನಮಗೆ ಏನೂ ಗೊತ್ತಾಗಲಿಲ್ಲ. ಅದು ತಪ್ಪಿದ ದಿನ ಯಾಕೆ ತಪ್ಪಿತು ಅಂತ ಹುಡುಕಿದಾಗಲೇ ಅಮ್ಮನ ದಿನ ಹೇಗೆ ನಡೆಯುತ್ತದೆ ಅಂತ ಕಂಡಿತು. ಬಳಸುವವರು ತಪ್ಪಿದ ಅಂಕಿಗಳನ್ನು ಅಳಿಸಬೇಡಿ. ನಿಮ್ಮಲ್ಲಿ ಯಾರಾದರೂ ಬಳಸಿದ್ದರೆ ಬರೆಯಿರಿ.


ಅಡಿಕೆ ಅಟ್ಟ (ಸಾಗರ)

ಅಕ್ಕಾ, ಚೆನ್ನಾಗಿ ಬರೆದಿದ್ದೀರಿ. ನನಗೂ ಶುಗರ್ ಇದೆ, ಏಳು ವರ್ಷ. ಆದರೆ ನೇರವಾಗಿ ಕೇಳುತ್ತೇನೆ. ಇಷ್ಟೆಲ್ಲಾ ಬೇಕಾ? ನಮ್ಮ ಮನೆ ಹತ್ತಿರ ನೆಟ್‌ವರ್ಕ್ ಬರಬೇಕಾದರೆ ತೋಟ ದಾಟಿ ದಿಬ್ಬ ಹತ್ತಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಇಲ್ಲ. ತಟ್ಟೆ ಹಿಡಿದುಕೊಂಡು ದಿಬ್ಬ ಹತ್ತಲಿಕ್ಕೆ ಆಗುತ್ತದಾ? ಮತ್ತೆ ಒಂದು ದಿನಕ್ಕೆ ಐದಾರು ಸಲ ಚುಚ್ಚಿದರೆ ಮೀಟರ್‌ಗೆ ಹಾಕುವ ಸ್ಟ್ರಿಪ್ ದುಡ್ಡು ಯಾರು ಕೊಡುವುದು. ನಾಲ್ಕು ಕಡುಬು ಎರಡು ಮಾಡಿದರೆ ಶುಗರ್ ಇಳಿಯುತ್ತದೆ ಅಂತ ಹೇಳಲಿಕ್ಕೆ ಆ್ಯಪ್ ಯಾಕೆ?


ತುಂಗೆ ದಡ (ತೀರ್ಥಹಳ್ಳಿ)

ಅಣ್ಣಾ, ನೀವು ಹೇಳಿದ್ದರಲ್ಲಿ ಸತ್ಯ ಇದೆ. ನಮ್ಮಲ್ಲೂ ನೆಟ್‌ವರ್ಕ್ ಅಷ್ಟಕ್ಕಷ್ಟೇ. ನಾನು ಪುಸ್ತಕದಲ್ಲಿ ಬರೆದಿಟ್ಟು ಸಂಜೆ ಹಾಕುತ್ತಿದ್ದೆ. ಹಾಗೆ ಮಾಡಿದ ದಿನ ಮುಂಚೆ ತಿಳಿಯುವ ಲಾಭ ಸಿಗುವುದಿಲ್ಲ, ಆದರೆ ಆ್ಯಪ್ ಕಲಿಯುವುದು ಕಲಿಯುತ್ತದೆ. ಸ್ಟ್ರಿಪ್ ಖರ್ಚು ಹೌದು. ನಾನು ಎಲ್ಲಾ ಊಟಕ್ಕೂ ನೋಡಲಿಲ್ಲ. ಮೊದಲ ಹದಿನೈದು ದಿನ ಜಾಸ್ತಿ, ಆಮೇಲೆ ದಿನಕ್ಕೆ ಒಂದು ಊಟ ಆರಿಸಿಕೊಂಡು ಅದರ ಹಿಂದೆ ಮುಂದೆ ಮಾತ್ರ.

ಎರಡು ಕಡುಬು ತಿನ್ನಿ ಅಂತ ನಾನೂ ಹೇಳಿ ಸಾಕಾಗಿತ್ತು. ಅಮ್ಮ ಕೇಳುತ್ತಿರಲಿಲ್ಲ. ನಾಲ್ಕು ತಿಂದ ದಿನ 238, ಎರಡು ಕಡುಬು ಮತ್ತು ಒಂದು ಬಟ್ಟಲು ಹೆಸರುಕಾಳಿನ ಪಲ್ಯ ತಿಂದ ದಿನ 172 ಅಂತ ಅವರೇ ಮೀಟರ್‌ನಲ್ಲಿ ಓದಿದ ಮೇಲೆ ನಾನು ಹೇಳುವುದು ಬೇಕಾಗಲಿಲ್ಲ.


ಹೊಸನಗರದ ಹುಡುಗ (ಈಗ ಬೆಂಗಳೂರು)

ನನ್ನ ಕೆಲಸ ಸಾಫ್ಟ್‌ವೇರ್. ಈ ವಿಷಯ ಸ್ವಲ್ಪ ಓದಿಕೊಂಡಿದ್ದೇನೆ, ಹಾಗಾಗಿ ಒಳಗೆ ಏನು ನಡೆಯುತ್ತದೆ ಅಂತ ಬರೆಯುತ್ತೇನೆ.

ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಇಂಥದ್ದೇ ಒಂದು ಲೆಕ್ಕಾಚಾರ ಪ್ರಕಟ ಮಾಡಿದರು. ಗ್ಲೂಕೊರಾಕಲ್ ಅಂತ ಆ್ಯಪ್‌ನ ಹೆಸರು. ಅವರು ಬಳಸಿದ ವಿಧಾನ ಹವಾಮಾನ ಇಲಾಖೆಯವರು ಮಳೆ ಮುನ್ಸೂಚನೆಗೆ ಬಳಸುವ ವಿಧಾನವೇ. ಆಗುಂಬೆಗೆ ನಾಳೆ ಎಷ್ಟು ಮಳೆ ಅಂತ ಹೇಳಬೇಕು ಅಂದುಕೊಳ್ಳಿ. ಗಾಳಿ, ತೇವ, ಒತ್ತಡ ಹೇಗೆ ನಡೆದುಕೊಳ್ಳುತ್ತವೆ ಅನ್ನುವ ಸಮೀಕರಣ ಇರುತ್ತದೆ. ಬರೀ ಅದನ್ನೇ ನಂಬಿದರೆ ಎರಡು ದಿನದಲ್ಲಿ ದಾರಿ ತಪ್ಪುತ್ತದೆ. ಅದಕ್ಕೆ ಹೊಸ ಅಳತೆ ಬಂದಾಗಲೆಲ್ಲ ಹೇಳಿದ್ದೆಷ್ಟು ಆಗಿದ್ದೆಷ್ಟು ಅಂತ ನೋಡಿ ತಿದ್ದಿಕೊಳ್ಳುತ್ತಾ ಹೋಗುತ್ತಾರೆ. ಇಲ್ಲಿ ಗಾಳಿಯ ಬದಲು ಸಕ್ಕರೆ ಮತ್ತು ಇನ್ಸುಲಿನ್‌ನ ಸಮೀಕರಣ. ಮಳೆಮಾಪಕದ ಬದಲು ಬೆರಳಿನ ರಕ್ತ. ಅಕ್ಕ ಹೇಳಿದ್ದು ಅದನ್ನೇ. ತಪ್ಪೇ ಆ ಯಂತ್ರದ ಊಟ.

ಆದರೆ ಒಂದು ತಿಳಿದಿರಲಿ. ಆ ಪ್ರಯೋಗ ನಡೆದದ್ದು ಬರೀ ಐದು ಜನರ ಮೇಲೆ. ಅವರಲ್ಲಿ ಮೂವರಿಗೆ ಶುಗರ್ ಇತ್ತು, ಇಬ್ಬರಿಗೆ ಇರಲಿಲ್ಲ. ಶುಗರ್ ಬಗ್ಗೆ ತಿಳಿಹೇಳುವ ತಜ್ಞರು ಮಾಡುವ ಅಂದಾಜಿಗೆ ಇದರ ಅಂದಾಜು ಸರಿಸಮ ಬಂತು.

ದೊಡ್ಡದು ಅಂದರೆ ಇಸ್ರೇಲಿನ ವೈಜ್ಮನ್ ಸಂಸ್ಥೆಯದ್ದು, 2015. 800 ಜನ, ಒಂದೊಂದು ವಾರ, ಒಟ್ಟು 46,898 ಊಟ. ಒಬ್ಬರಿಗೆ ಬಾಳೆಹಣ್ಣು ತಿಂದರೆ ಏರಿತು, ಬಿಸ್ಕತ್ತಿಗೆ ಏರಲಿಲ್ಲ. ಇನ್ನೊಬ್ಬರಿಗೆ ಉಲ್ಟಾ. ಆಮೇಲೆ 2020ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಬ್ರಿಟನ್ನಿನ ಸಾವಿರದಷ್ಟು ಜನರ ಮೇಲೆ ಮಾಡಿದರು, ಅದರಲ್ಲಿ ಅವಳಿಗಳೇ ಜಾಸ್ತಿ. ಒಂದೇ ಥರದ ಅವಳಿಗಳಿಗೂ ಒಂದೇ ಊಟಕ್ಕೆ ಬೇರೆ ಬೇರೆ ಬಂತು. ಈ ಎರಡರಲ್ಲೂ ಇದ್ದವರು ಶುಗರ್ ಇಲ್ಲದವರು. ಗ್ಲಿಮಿಪಿರೈಡ್ ತೆಗೆದುಕೊಂಡು ತೋಟಕ್ಕೆ ಹೋಗುವ ಅಮ್ಮಂದಿರು ಆ ಲೆಕ್ಕದಲ್ಲಿ ಇಲ್ಲ. ಅದಕ್ಕೇ ನಮ್ಮ ಜನರಿಗೆ ನಾವೇ ಅಳತೆ ಹಾಕಿ ಕಲಿಸಬೇಕು.


ಲ್ಯಾಬ್‌ನವ (ಶಿವಮೊಗ್ಗ)

ನಾನು ದುರ್ಗಿಗುಡಿ ಹತ್ತಿರ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಮೀಟರ್ ಬಗ್ಗೆ ಬರೆಯದೆ ಇರಲಿಕ್ಕೆ ಆಗುತ್ತಿಲ್ಲ. ಆ್ಯಪ್‌ಗೆ ಕೊಡುವ ಅಂಕಿಯೇ ತಪ್ಪಿದ್ದರೆ ಮುಂದಿನದ್ದೆಲ್ಲಾ ತಪ್ಪು.

ಮಲೆನಾಡಿನವರು ಮುಖ್ಯವಾಗಿ ಕೇಳಿ. ಸ್ಟ್ರಿಪ್ ಡಬ್ಬದ ಮುಚ್ಚಳ. ಜುಲೈ ತಿಂಗಳಲ್ಲಿ ನಮ್ಮ ಕಡೆ ಒಣಗಿಸಿದ ಬಟ್ಟೆಯೂ ತಣ್ಣಗೆ ಒದ್ದೆ ಒದ್ದೆ ಇರುತ್ತದೆ. ಆ ಗಾಳಿಗೆ ಸ್ಟ್ರಿಪ್ ತೆರೆದಿಟ್ಟರೆ ತೇವ ಹಿಡಿದು ಹಾಳಾಗುತ್ತದೆ. ಒಂದು ತೆಗೆದ ತಕ್ಷಣ ಟಪ್ ಅಂತ ಮುಚ್ಚಬೇಕು. ಬೇರೆ ಡಬ್ಬಕ್ಕೆ ಹಾಕಬಾರದು. ಫ್ರಿಜ್ಜಿನಲ್ಲಿ ಇಡಬಾರದು, ಒಲೆ ಮೇಲಿನ ಗೂಡಿನಲ್ಲೂ ಇಡಬಾರದು.

ಮನೆ ಮೀಟರ್‌ಗಳಿಗೆ ಶೇಕಡಾ 15 ಆಚೀಚೆ ಬರಲು ಒಪ್ಪಿಗೆ ಇದೆ. ಹಾಗಾಗಿ 170 ಬಂತು, 185 ಬಂತು ಅಂತ ಬೇಜಾರು ಮಾಡಿಕೊಳ್ಳಬೇಡಿ, ಎರಡೂ ಒಂದೇ. ಎರಡು ಗಂಟೆ ಅಂದರೆ ಮೊದಲ ತುತ್ತಿನಿಂದ ಲೆಕ್ಕ. ಕೈ ತೊಳೆದು ಎದ್ದ ಮೇಲೆ ಅಲ್ಲ. ಬೆರಳಿನ ತುದಿ ಮಧ್ಯ ಚುಚ್ಚಬೇಡಿ, ಬದಿಗೆ ಚುಚ್ಚಿ, ನೋವು ಕಮ್ಮಿ. ಕೈ ಸೋಪು ಹಾಕಿ ತೊಳೆದು ಒರೆಸಿಕೊಳ್ಳಲೇಬೇಕು.


ತುಂಗೆ ದಡ (ತೀರ್ಥಹಳ್ಳಿ)

ತಮ್ಮಾ, ಆ ಕೊನೆಯ ಮಾತಿಗೆ ನಮ್ಮ ಮನೆಯಲ್ಲೇ ಸಾಕ್ಷಿ ಇದೆ. ಅದನ್ನು ಬರೆಯಲು ಮರೆತಿದ್ದೆ.

ಜುಲೈ ಮೊದಲ ವಾರ. ಹಿತ್ತಲಿನ ಹಲಸು ಹಣ್ಣಾಗಿತ್ತು. ಹೊರಗೆ ಜಡಿಮಳೆ. ಅಮ್ಮ ಜಗುಲಿಯಲ್ಲಿ ಗೋಣಿ ಹಾಸಿಕೊಂಡು, ಕೈಗೆ ಎಣ್ಣೆ ಸವರಿಕೊಂಡು ಹಣ್ಣು ಬಿಡಿಸುತ್ತಾ ಕೂತಿದ್ದರು. ಹಲಸಿನ ಕಡುಬು ಮಾಡಬೇಕು ಅಂತ ಮೊಮ್ಮಕ್ಕಳ ಹಟ. ನಾನು ಗಡಿಯಾರ ನೋಡಿದೆ, ಅಮ್ಮ ಊಟ ಮಾಡಿ ಎರಡು ಗಂಟೆ ಆಗಿತ್ತು. ಅಲ್ಲೇ ಕೂತು, ಬೆರಳನ್ನು ಸೀರೆ ಸೆರಗಿಗೆ ಒರೆಸಿಸಿ ಚುಚ್ಚಿದೆ. ಮೀಟರ್‌ನಲ್ಲಿ 318. ನನ್ನ ಎದೆ ಧಸಕ್ ಅಂತು. ಆ್ಯಪ್ ಹೇಳಿದ್ದು 165. ತಿಂದದ್ದು ಒಂದು ಸೌಟು ಅನ್ನ, ಒಂದೆಲಗದ ತಂಬುಳಿ, ಕಳಲೆ ಪಲ್ಯ. ಒಂದು ತೊಳೆಯನ್ನೂ ಬಾಯಿಗೆ ಹಾಕಿಲ್ಲ ಅಂತ ಅಮ್ಮ ಆಣೆ ಮಾಡಿದರು. ನಾನು ನಂಬಲಿಲ್ಲ. ಜೋರು ಮಾಡಿಬಿಟ್ಟೆ. ಅವರು ಮಾತಾಡದೆ ಎದ್ದು ಹೋಗಿ ಬಚ್ಚಲಿನಲ್ಲಿ ಕೈ ತೊಳೆದು ಬಂದು ಬೆರಳು ಚಾಚಿದರು. ಇನ್ನೊಂದು ಸ್ಟ್ರಿಪ್ ಹಾಕಿದೆ. 158.

ಹಲಸಿನ ರಸ ಬೆರಳಿನಲ್ಲಿ ಇತ್ತು, ಅಷ್ಟೇ. ಮೀಟರ್ ಅದರ ಸಕ್ಕರೆಯನ್ನೂ ಸೇರಿಸಿ ಹೇಳಿತ್ತು. ಆ್ಯಪ್ ಹೇಳಿದ್ದು ಸರಿ ಇತ್ತು, ಅಮ್ಮ ಹೇಳಿದ್ದೂ ಸರಿ ಇತ್ತು. ನಾನು ಅಮ್ಮನ ಹತ್ತಿರ ತಪ್ಪಾಯ್ತು ಅಂತ ಹೇಳಿದೆ.


ಕೆಂಪಕ್ಕಿ (ಕೊಪ್ಪ)

ಓದಿ ಕಣ್ಣು ತುಂಬಿ ಬಂತು ಅಕ್ಕಾ. ನಮ್ಮ ಮನೆಯಲ್ಲೂ ಕದ್ದು ತಿಂದಿರಿ ಅನ್ನುವ ಮಾತು ಅತ್ತೆಗೆ ಎಷ್ಟು ಸಲ ಬಂದಿದೆಯೋ.

ನನ್ನದು ಸೆನ್ಸರ್ ಅನುಭವ. ತೋಳಿನ ಹಿಂಬದಿಗೆ ಅಂಟಿಸುವ ಬಿಲ್ಲೆ, ಹದಿನಾಲ್ಕು ದಿನ ಇರುತ್ತದೆ. ಮೊಬೈಲ್ ಹತ್ತಿರ ಹಿಡಿದರೆ ಶುಗರ್ ಏರಿಳಿದ ಗೆರೆ ಕಾಣಿಸುತ್ತದೆ. ದುಬಾರಿ, ಅದಕ್ಕೆ ಎರಡೇ ಸಲ ಹಾಕಿಸಿಕೊಂಡೆ. ಅದು ನೋಡುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಹಾಗಾಗಿ ರಕ್ತಕ್ಕಿಂತ ಐದು ಹತ್ತು ನಿಮಿಷ ಹಿಂದೆ ಇರುತ್ತದೆ. ಒಂದು ರಾತ್ರಿ ಮೂರು ಗಂಟೆಗೆ 58 ಅಂತ ಕೂಗಿಕೊಂಡಿತು. ಗಾಬರಿಯಾಗಿ ಬೆರಳು ಚುಚ್ಚಿದರೆ 112. ಆ ತೋಳಿನ ಮೇಲೇ ಮಗ್ಗುಲಾಗಿ ಮಲಗಿದ್ದೆ. ಒತ್ತಿದರೆ ಸುಳ್ಳು ಕಮ್ಮಿ ತೋರಿಸುತ್ತದಂತೆ. ಸಂದೇಹ ಬಂದಾಗ ಬೆರಳೇ ಗತಿ.

ಆದರೆ ಅದರಿಂದ ಕಂಡದ್ದು ಬಹಳ. ಅದೇ ಕೆಂಪಕ್ಕಿ, ಅದೇ ಅಳತೆ. ಮೆತ್ತಗೆ ಗಂಜಿ ಮಾಡಿ ಕುಡಿದರೆ ನನಗೆ ಮುಕ್ಕಾಲು ಗಂಟೆಯಲ್ಲಿ ಗುಡ್ಡ ಹತ್ತಿದ ಹಾಗೆ ಏರುತ್ತದೆ. ಬಿಡಿ ಬಿಡಿ ಅನ್ನ ಮಾಡಿ, ಮೊದಲು ಪಲ್ಯ ಕಾಳು ತಿಂದು ಮುಗಿಸಿ ಆಮೇಲೆ ಅನ್ನ ಮುಟ್ಟಿದರೆ ನಿಧಾನ ಏರಿ ನಿಧಾನ ಇಳಿಯುತ್ತದೆ. ಗಂಜಿ ಅಂದರೆ ಪಥ್ಯ ಅಂತ ನಾನು ವರ್ಷಗಟ್ಟಲೆ ಕುಡಿದಿದ್ದೆ. ಊಟ ಆದ ಮೇಲೆ ಹದಿನೈದು ನಿಮಿಷ ಅಂಗಳದಲ್ಲೇ ತಿರುಗಾಡಿದ ದಿನದ ಗೆರೆ ಬೇರೆಯೇ. ಜ್ವರ ಬಂದ ಮೂರು ದಿನ ಏನೂ ತಿನ್ನದಿದ್ದರೂ 200ರ ಕೆಳಗೆ ಇಳಿಯಲಿಲ್ಲ. ಆ್ಯಪ್‌ಗೆ ಜ್ವರ ಇದೆ ಅಂತ ಹೇಳಲು ಜಾಗವೇ ಇರಲಿಲ್ಲ.


ಅಡಿಕೆ ಅಟ್ಟ (ಸಾಗರ)

ಗಂಜಿ ವಿಷಯ ನನಗೆ ಹೊಸದು. ನಾಳೆಯೇ ನೋಡುತ್ತೇನೆ.

ಅಕ್ಕಾ, ಇನ್ನೊಂದು ಕೇಳಬೇಕಿತ್ತು. ಆ್ಯಪ್‌ನಲ್ಲಿ ಕಮ್ಮಿ ಬರುತ್ತದೆ ಅಂತ ತೋರಿಸಿದ ದಿನ ಮಾತ್ರೆ ಬಿಡಬಹುದಾ? ನನ್ನ ಭಾವ ಹಾಗೆ ಮಾಡುತ್ತಾರೆ.


ತುಂಗೆ ದಡ (ತೀರ್ಥಹಳ್ಳಿ)

ಬೇಡ ಅಣ್ಣಾ, ದಯವಿಟ್ಟು ಬೇಡ. ಮಾತ್ರೆ ವಿಷಯ ಡಾಕ್ಟರ ಹತ್ತಿರವೇ. ಯಾಕೆ ಅಂತ ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ನವೆಂಬರ್‌ನಲ್ಲಿ ಅಡಿಕೆ ಕೊಯ್ಲು. ಮನೆ ತುಂಬಾ ಜನ. ಬೆಳಿಗ್ಗೆ ಅಮ್ಮ ಮಾತ್ರೆ ತೆಗೆದುಕೊಂಡು ಮೂರು ನೀರುದೋಸೆ ತಿಂದರು. ಹತ್ತು ಗಂಟೆಗೆ 160 ಇರುತ್ತದೆ ಅಂತ ಆ್ಯಪ್ ಹೇಳಿತು, 151 ಬಂತು. ಎಷ್ಟು ಚೆನ್ನಾಗಿ ಹೇಳಿತು ಅಂತ ಖುಷಿಪಟ್ಟು ನಾನು ನನ್ನ ಕೆಲಸಕ್ಕೆ ಹೋದೆ. ಸುಲಿಯುವವರಿಗೆ ಬಡಿಸಿ ಆಮೇಲೆ ಉಣ್ಣುತ್ತೇನೆ ಅಂತ ಅಮ್ಮ ಮೆಟ್ಟುಗತ್ತಿ ಮುಂದೆ ಕೂತರು. ಮಧ್ಯಾಹ್ನ ಎರಡು ಗಂಟೆ ಆದರೂ ಊಟ ಆಗಲಿಲ್ಲ. ಪಕ್ಕದಲ್ಲಿ ಸುಲಿಯುತ್ತಿದ್ದವರು ನನ್ನನ್ನು ಕೂಗಿದರು. ಹೋಗಿ ನೋಡಿದರೆ ಅಮ್ಮನ ಕೈ ನಡುಗುತ್ತಿದೆ, ಹಿಡಿದ ಅಡಿಕೆ ಕತ್ತಿಗೆ ಸಿಗುತ್ತಿಲ್ಲ, ಆ ಚಳಿಯಲ್ಲೂ ಕುತ್ತಿಗೆ ತುಂಬಾ ಬೆವರು. ನೋಡಿದರೆ 54.

ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು 83. ಆಮೇಲೆ ಅನ್ನ ಹಾಕಿ ಉಣ್ಣಿಸಿದೆ. ಗ್ಲಿಮಿಪಿರೈಡ್ ಇನ್ಸುಲಿನ್ ಜಾಸ್ತಿ ಬಿಡಿಸುವ ಮಾತ್ರೆ. ಊಟ ತಡವಾದರೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮೇಲಿಂದ ಮೈಮುರಿ ಕೆಲಸ. ಆ್ಯಪ್ ಹೇಳಿದ್ದು ಹತ್ತು ಗಂಟೆಯ ಅಂಕಿ ಮಾತ್ರ, ಮಧ್ಯಾಹ್ನ ಎರಡು ಗಂಟೆಯದ್ದು ಅದು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಡಾಕ್ಟರಿಗೆ ಪುಸ್ತಕ ತೋರಿಸಿದೆ. ಅವರು ಎಲ್ಲಾ ಓದಿ ಆ ಮಾತ್ರೆಯ ಪ್ರಮಾಣ ಅರ್ಧ ಮಾಡಿದರು. ಕೊಯ್ಲಿನ ದಿನ ಹನ್ನೊಂದಕ್ಕೆ ಏನಾದರೂ ತಿನ್ನಲೇಬೇಕು ಅಂದರು. ಈಗ ಅಮ್ಮನ ಸೊಂಟದಲ್ಲಿ ಎಲೆಅಡಿಕೆ ಚೀಲದ ಜೊತೆ ಗ್ಲೂಕೋಸ್ ಪೊಟ್ಟಣವೂ ಇರುತ್ತದೆ.

ನಿಮ್ಮ ಭಾವನಿಗೆ ಇದನ್ನು ಓದಿ ಹೇಳಿ.


ಅಡಿಕೆ ಅಟ್ಟ (ಸಾಗರ)

ಇವತ್ತೇ ಹೇಳುತ್ತೇನೆ ಅಕ್ಕಾ. ನಾನೂ ಆ ಮಾತ್ರೆಯೇ ತೆಗೆದುಕೊಳ್ಳುವುದು. ತೋಟದಲ್ಲಿ ಒಂದೆರಡು ಸಲ ಕೈ ನಡುಗಿದ್ದು ಈಗ ನೆನಪಾಗುತ್ತಿದೆ. ಆಯಾಸ ಅಂದುಕೊಂಡಿದ್ದೆ.


ಮಗನ ಅಪ್ಪ (ಭದ್ರಾವತಿ)

ನನ್ನ ಮಗನಿಗೆ ಹನ್ನೊಂದು ವರ್ಷ, ಟೈಪ್ ಒನ್ ಶುಗರ್, ಅಂದರೆ ದೇಹದಲ್ಲಿ ಇನ್ಸುಲಿನ್ ಆಗುವುದೇ ಇಲ್ಲ ಅನ್ನುವಷ್ಟು ಕಮ್ಮಿ. ದಿನಕ್ಕೆ ನಾಲ್ಕು ಇನ್ಸುಲಿನ್. ನಮ್ಮಂಥವರು ಇಂಥ ಆ್ಯಪ್ ಹೇಳಿದ ಅಂಕಿ ನೋಡಿ ಡೋಸ್ ಹಾಕಲೇಬಾರದು. ನಮಗೆ ಡಾಕ್ಟರು ಕೊಟ್ಟ ಲೆಕ್ಕವೇ ಲೆಕ್ಕ. ಆದರೆ ಆ ಲೆಕ್ಕಕ್ಕೆ ಊಟದ ಕಾರ್ಬೋಹೈಡ್ರೇಟ್ ಎಷ್ಟು ಗ್ರಾಂ ಅಂತ ಗೊತ್ತಿರಬೇಕು. ಅಜ್ಜಿ ಮನೆ ಕೊಪ್ಪದ ಕಡೆ. ಅಲ್ಲಿಗೆ ಹೋದರೆ ಕಡುಬಿಗೆ ಎಷ್ಟು, ಪತ್ರೊಡೆಗೆ ಎಷ್ಟು ಅಂತ ಪ್ರತಿ ಸಲ ಪರದಾಟ. ಅಕ್ಕ ಮಾಡಿದ ತರಿ ತೂಗುವ ಲೆಕ್ಕ ನನಗೆ ಈ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಉಪಯೋಗ ಆಯ್ತು. ಎಲ್ಲರೂ ತಮ್ಮ ಮನೆಯ ಅಡುಗೆ ಹೀಗೆ ತೂಗಿ ಹಾಕಿದರೆ ಎಷ್ಟು ಮಕ್ಕಳಿಗೆ ಅನುಕೂಲ ಆಗುತ್ತದೆ.


ಕೆಂಪಕ್ಕಿ (ಕೊಪ್ಪ)

ಪತ್ರೊಡೆ ನಾನು ತೂಗುತ್ತೇನೆ. ಆದರೆ ಕೆಸುವಿನ ಎಲೆ ಸಿಗಲು ಮಳೆ ಬರಬೇಕು. ಅಲ್ಲಿವರೆಗೆ ಅಕ್ಕಿ ರೊಟ್ಟಿಯದ್ದು ಹೇಳುತ್ತೇನೆ. ನಮ್ಮಲ್ಲಿ ಕಾಲು ಕೆಜಿ ಹಿಟ್ಟಿಗೆ ಐದು ರೊಟ್ಟಿ. ಒಂದಕ್ಕೆ 50 ಗ್ರಾಂ ಹಿಟ್ಟು, ಅಂದರೆ ಕಾರ್ಬೋಹೈಡ್ರೇಟ್ 40 ಗ್ರಾಂ ಹತ್ತಿರ. ತೆಳ್ಳಗೆ ತಟ್ಟುವವರ ಮನೆಯಲ್ಲಿ ಕಮ್ಮಿ ಬರುತ್ತದೆ. ನಿಮ್ಮ ಮನೆಯದ್ದು ನೀವೇ ಎಣಿಸಿಕೊಳ್ಳಿ.


ತುಂಗೆ ದಡ (ತೀರ್ಥಹಳ್ಳಿ)

ಭದ್ರಾವತಿಯ ಅಣ್ಣಾ, ಖಂಡಿತ ಮಾಡೋಣ. ಒಂದು ಕಡೆ ಬರೆದಿಡುತ್ತಾ ಹೋಗೋಣ. ಅಳೆಯುವಾಗ ಹಸಿ ಅಕ್ಕಿಯನ್ನೇ ತೂಗಿ. ಬೆಂದ ಮೇಲೆ ತೂಗಿದರೆ ನೀರಿನ ತೂಕ ಸೇರಿ ಲೆಕ್ಕ ಕೆಡುತ್ತದೆ.

ಎಷ್ಟು ಇಳಿಯಿತು ಅಂತ ಒಬ್ಬರು ಬೇರೆಯಾಗಿ ಕೇಳಿದ್ದರು. ಹೋದ ವಾರ ಎಚ್‌ಬಿಎ1ಸಿ 7.6. ಆ್ಯಪ್‌ನಿಂದಲೇ ಅಂತ ಹೇಳಲಾರೆ. ಬೆಲ್ಲದ ಕಾಫಿ ಎರಡಿದ್ದದ್ದು ಒಂದು ಆಗಿದೆ, ಅದೂ ಚಿಕ್ಕ ಲೋಟ. ಅದನ್ನು ಪೂರ್ತಿ ಬಿಡಿಸಲು ನನಗೆ ಮನಸ್ಸು ಬರಲಿಲ್ಲ, ಡಾಕ್ಟರೂ ಆಗಲಿ ಅಂದರು. ಈಗ ಅದನ್ನೂ ಅಮ್ಮನೇ ಬರೆಸುತ್ತಾರೆ.

ನಾಳೆ ನೀರುದೋಸೆ. ರಾತ್ರಿ 300 ಗ್ರಾಂ ಅಕ್ಕಿ ತೂಗಿ ನೆನೆಸಿಟ್ಟಿದ್ದೇನೆ. ಎಷ್ಟು ದೋಸೆ ಆಗುತ್ತದೆ ಅಂತ ಎಣಿಸಿ ಒಂಬತ್ತು ಗಂಟೆ ಒಳಗೆ ಇಲ್ಲೇ ಹಾಕುತ್ತೇನೆ.